ಯುದ್ಧ ಮುಗಿದ ಮೇಲೆ ಹಳೇ ಸೇನೆಯನ್ನು ಮನೆಗೆ ಕಳಿಸಬೇಕಾ, ಇಟ್ಟುಕೊಂಡೇ ಸರಿ ಮಾಡಬೇಕಾ?

ಓದುಗೂಡು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡುತ್ತಿದ್ದೇನೆ. ಅಂತರ್ಯುದ್ಧ ಮುಗಿದ ದೇಶಗಳಲ್ಲಿ ಸೇನೆ, ಪೊಲೀಸು, ಬೇಹುಗಾರಿಕೆ, ಜೈಲು ಇವನ್ನೆಲ್ಲ ಹೇಗೆ ಮತ್ತೆ ಕಟ್ಟುತ್ತಾರೆ ಅಂತ ಒಂದು ಪ್ರಬಂಧ ಬರೆಯಬೇಕು. ಓದಿದಷ್ಟೂ ತಲೆ ಕೆಡುತ್ತಿದೆ.

ಇರಾಕ್‌ನಲ್ಲಿ 2003ರ ಮೇ 23ರಂದು, ಅಮೆರಿಕ ನೇಮಿಸಿದ್ದ ಆಡಳಿತಗಾರ ಪಾಲ್ ಬ್ರೆಮರ್ ಒಂದು ಆದೇಶ ಹೊರಡಿಸಿ ಇಡೀ ಸೇನೆಯನ್ನು ವಿಸರ್ಜಿಸಿದರು. ಲಕ್ಷಗಟ್ಟಲೆ ಜನ ರಾತ್ರೋರಾತ್ರಿ ಕೆಲಸ ಕಳೆದುಕೊಂಡರು. ಆಮೇಲೆ ಆದ ಅನಾಹುತಕ್ಕೆಲ್ಲ ಇದೇ ಮೂಲ ಅಂತ ಬಹಳ ಜನ ಬರೆದಿದ್ದಾರೆ. ಸರಿ. ಆದರೆ ಲೈಬೀರಿಯಾದಲ್ಲೂ ಹಳೇ ಸೇನೆಯನ್ನು ಪೂರ್ತಿ ಮನೆಗೆ ಕಳಿಸಿದರು. ಅಲ್ಲಿ ಮತ್ತೆ ಯುದ್ಧ ಆಗಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ 1994ರಲ್ಲಿ ಇದಕ್ಕೆ ಉಲ್ಟಾ ಮಾಡಿದರು. ಬಿಳಿಯರ ಸರ್ಕಾರದ ಸೇನೆ, ಅದರ ವಿರುದ್ಧ ಹೋರಾಡಿದವರು, ಬಂಟುಸ್ತಾನಗಳ (ಕರಿಯರಿಗೆ ಅಂತ ಬಿಳಿ ಸರ್ಕಾರ ಬೇರೆ ಮಾಡಿಟ್ಟಿದ್ದ ಪ್ರದೇಶಗಳು) ಪುಟ್ಟ ಸೇನೆಗಳು, ಎಲ್ಲವನ್ನೂ ಒಂದೇ ಸೇನೆಗೆ ಸೇರಿಸಿದರು. ಅದೂ ನಿಂತಿತು.

ಹಾಗಾದರೆ ನಿಯಮ ಏನು? ಯಾವಾಗ ವಿಸರ್ಜಿಸಬೇಕು, ಯಾವಾಗ ಇಟ್ಟುಕೊಳ್ಳಬೇಕು? ಗೊತ್ತಿರುವವರು ಹೇಳಿ. ಪುಸ್ತಕದ ಭಾಷೆ ಸಾಕಾಗಿದೆ, ಮಾಮೂಲಿ ಮಾತಲ್ಲಿ ಹೇಳಿದರೆ ಉಪಕಾರ.

ಗುಡುಗುಮಿಂಚು

ಇದರಲ್ಲಿ ಗೊಂದಲ ಏನಿದೆ ಗುರು? ಬಂದೂಕು ಹಿಡಿಯೋದು ಒಂದೇ ಕಸುಬು ಗೊತ್ತಿರುವವನನ್ನು ಬೀದಿಗೆ ಬಿಡಬಾರದು. ಇರಾಕ್ ಒಂದೇ ಅಲ್ಲ, ಹೈಟಿ ನೋಡಿ. 1995ರಲ್ಲಿ ಅಧ್ಯಕ್ಷ ಅರಿಸ್ಟೀಡ್ ಸೇನೆಯನ್ನೇ ತೆಗೆದುಹಾಕಿದರು. ದಂಗೆ ಮಾಡುವ ಸೇನೆ ಬೇಡವೇ ಬೇಡ ಅಂತ. 2004ರಲ್ಲಿ ಅದೇ ಮಾಜಿ ಸೈನಿಕರು ಬಂದೂಕು ಹಿಡಿದು ಬಂದರು, ಅರಿಸ್ಟೀಡ್ ದೇಶ ಬಿಡಬೇಕಾಯಿತು. ಲೈಬೀರಿಯಾ ಅದೃಷ್ಟ, ಅಷ್ಟೇ. ವಿಶ್ವಸಂಸ್ಥೆಯ 15,000 ಸೈನಿಕರು ಕೂತಿದ್ದರು, ಅದಕ್ಕೆ ಬಾಯಿ ಮುಚ್ಚಿಕೊಂಡಿದ್ದರು.

ನೀಲಿಟೋಪಿ

ಅದೃಷ್ಟ ಅಲ್ಲಪ್ಪ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಾನು ಸಿಆರ್‌ಪಿಎಫ್‌ನಲ್ಲಿ ಇದ್ದವಳು. ಈಗ ನಿವೃತ್ತಿ. ವಿಶ್ವಸಂಸ್ಥೆಯ ಕೆಲಸಕ್ಕೆ ಲೈಬೀರಿಯಾದ ಮನ್‌ರೋವಿಯಾಗೆ 2007ರ ಜನವರಿಯಲ್ಲಿ ಭಾರತದಿಂದ ಪೂರ್ತಿ ಮಹಿಳೆಯರದೇ ಒಂದು ಪೊಲೀಸ್ ತುಕಡಿ ಹೋಯಿತು. ವಿಶ್ವಸಂಸ್ಥೆಯ ಚರಿತ್ರೆಯಲ್ಲೇ ಅಂಥದ್ದು ಮೊದಲು. 2016ರವರೆಗೆ ಒಂದರ ಹಿಂದೆ ಒಂದು ತುಕಡಿ ಹೋಗುತ್ತಲೇ ಇತ್ತು. ನಾನು ಮೊದಲನೆಯದರಲ್ಲಿ ಇರಲಿಲ್ಲ, ಅದರ ಹಿಂದೆಯೇ ಹೋದ ಒಂದರಲ್ಲಿ ಇದ್ದೆ. ಬರುವ ಪತ್ರಕರ್ತರಿಗೆಲ್ಲ ನಮ್ಮ ಫೋಟೋ ಬೇಕಿತ್ತು. ಪಕ್ಕದಲ್ಲೇ ನಿಂತಿದ್ದ ಲೈಬೀರಿಯಾದ ಪೊಲೀಸನಿಗೆ ಸಂಬಳ ಆಯಿತಾ ಅಂತ ಕೇಳಿದವರನ್ನು ನಾನು ಕಾಣೆ.

ನನ್ನ ಮಾತು ಇಷ್ಟೇ. ಸೇನೆಯನ್ನು ಇಡಬೇಕಾ ಕಳಿಸಬೇಕಾ ಅನ್ನುವುದು ಎರಡನೇ ಪ್ರಶ್ನೆ. ಕಳಿಸಿದವನ ಮನೆಗೆ ಮುಂದಿನ ತಿಂಗಳು ಏನು ಹೋಗುತ್ತೆ, ಉಳಿದವನ ಸಂಬಳ ಯಾರ ಕೈಯಿಂದ ಬರುತ್ತೆ, ಇದು ಮೊದಲನೇ ಪ್ರಶ್ನೆ.

ಇರಾಕ್‌ನದೇ ತಗೊಳ್ಳಿ. ಆದೇಶ ಬಂದಿದ್ದು ಮೇ 23. ತಿಂಗಳು ತುಂಬುವ ಮೊದಲೇ ಮಾಜಿ ಸೈನಿಕರು ಬಾಗ್ದಾದ್‌ನಲ್ಲಿ ಸಂಬಳ ಕೊಡಿ ಅಂತ ಗಲಾಟೆ ಮಾಡಿದರು. ಜೂನ್ 18ರಂದು ಅಮೆರಿಕದ ಸೈನಿಕರ ಗುಂಡಿಗೆ ಅವರಲ್ಲಿ ಇಬ್ಬರು ಸತ್ತರು. ಜೂನ್ 23ಕ್ಕೆ ತಿಂಗಳ ಭತ್ಯೆ ಘೋಷಿಸಿದರು! ಅದೇ ಘೋಷಣೆ ಮೇ 23ರ ಆದೇಶದ ಜೊತೆಗೇ ಬಂದಿದ್ದರೆ? ಎಲ್ಲ ಸರಿಹೋಗುತ್ತಿತ್ತು ಅಂತ ನಾನು ಹೇಳಲ್ಲ. ಸದ್ದಾಂ ಹುಸೇನ್‌ನ ಬಾತ್ ಪಕ್ಷದವರನ್ನು ಕೆಲಸದಿಂದ ತೆಗೆದಿದ್ದು, ಅವಮಾನ ಮಾಡಿದ್ದು, ಆಯುಧದ ಗೋದಾಮುಗಳಿಗೆ ಕಾವಲು ಹಾಕದೆ ಬಿಟ್ಟಿದ್ದು, ಎಲ್ಲ ಸೇರಿದೆ. ಆದರೆ ಸಂಬಳ ನಿಂತ ಆ ಒಂದು ತಿಂಗಳಿಗೆ ಕೊಟ್ಟ ಬೆಲೆ ದೊಡ್ಡದು.

ಈಗ ಲೈಬೀರಿಯಾ. 1989ರ ಕೊನೆಗೆ ಶುರುವಾದ ಯುದ್ಧ, ನಡುವೆ ಒಂದೆರಡು ವರ್ಷ ಬಿಡುವು ಕೊಟ್ಟು 2003ರವರೆಗೆ ನಡೆಯಿತು. 2003ರ ಆಗಸ್ಟ್‌ನಲ್ಲಿ ಅಧ್ಯಕ್ಷ ಚಾರ್ಲ್ಸ್ ಟೇಲರ್ ಅಧಿಕಾರ ಬಿಟ್ಟು ನೈಜೀರಿಯಾಗೆ ಹೋದ, ಅಕ್ರಾದಲ್ಲಿ ಒಪ್ಪಂದ ಆಯಿತು. ಡಿಸೆಂಬರ್‌ನಲ್ಲಿ ಮನ್‌ರೋವಿಯಾ ಹತ್ತಿರದ ಶಿಫಲಿನ್ ಅನ್ನುವ ಕ್ಯಾಂಪಿನಲ್ಲಿ ಆಯುಧ ಒಪ್ಪಿಸಿಕೊಳ್ಳಲು ಕೂತರು. ಎಣಿಸಿದ್ದಕ್ಕಿಂತ ಎಷ್ಟೋ ಪಟ್ಟು ಜನ ಬಂದರು. ದುಡ್ಡು ಈಗಲೇ ಕೊಡಿ ಅಂದರು. ಕೊಡಲು ಇರಲಿಲ್ಲ. ಗಲಾಟೆ ಆಗಿ ಜನ ಸತ್ತರು, ಕಾರ್ಯಕ್ರಮ ನಿಂತೇ ಹೋಯಿತು. ಮತ್ತೆ ಶುರುವಾಗಿದ್ದು 2004ರ ಏಪ್ರಿಲ್‌ನಲ್ಲಿ.

ಅಲ್ಲಿನ ಒಂದು ನಿಯಮ ನೋಡಿ, ಮಜಾ ಇದೆ. ಬಂದೂಕು ತಂದರೆ ಹೋರಾಟಗಾರ ಅಂತ ಲೆಕ್ಕ. ಬಂದೂಕು ಇಲ್ಲದಿದ್ದರೆ 150 ಗುಂಡು ತಂದರೂ ಸಾಕು. ಬಂದೂಕಿಲ್ಲದ ಹೆಂಗಸರು, ಮಕ್ಕಳು ಹೊರಗೆ ಉಳಿಯಬಾರದು ಅನ್ನುವ ಒಳ್ಳೇ ಉದ್ದೇಶ ಅದರಲ್ಲಿತ್ತು. ಒಬ್ಬೊಬ್ಬರಿಗೆ 300 ಡಾಲರ್, ಎರಡು ಕಂತಿನಲ್ಲಿ. ಕಮಾಂಡರ್‌ಗಳು ಬಿಡ್ತಾರಾ? ತಮ್ಮ ಹತ್ತಿರ ಇದ್ದ ಗುಂಡುಗಳನ್ನು ನೂರೈವತ್ತು ನೂರೈವತ್ತು ಎಣಿಸಿ ನೆಂಟರಿಗೆ, ಗುರುತಿನವರಿಗೆ ಹಂಚಿದರು, ಬಂದ ದುಡ್ಡಿನಲ್ಲಿ ಪಾಲು ತಗೊಂಡರು. ಮೊದಲು ಅಂದಾಜು ಮಾಡಿದ್ದು ಸುಮಾರು 38,000 ಜನ. ಕೊನೆಗೆ ಹೆಸರು ಬರೆಸಿದವರು 1,00,000ಕ್ಕೂ ಜಾಸ್ತಿ. ಸಿಕ್ಕ ಬಂದೂಕು ಸುಮಾರು 28,000.

ಇದನ್ನು ಮೋಸ ಅಂತ ಬಯ್ಯುವವರು ಇದ್ದಾರೆ. ನನಗೆ ಹಾಗೆ ಅನಿಸಲ್ಲ. ದುಡ್ಡು ಪೋಲಾಯಿತು, ನಿಜ. ಆದರೆ ಹೊರಗೆ ಉಳಿದೆ ಅಂತ ಸಿಟ್ಟು ಇಟ್ಟುಕೊಂಡವರು ಕಮ್ಮಿಯಾದರು.

ಆಮೇಲೆ ಹಳೇ ಸೇನೆ. ಸುಮಾರು 14,000 ಜನರನ್ನು ಒಂದಿಷ್ಟು ಹಣ ಕೊಟ್ಟು ಕಳಿಸಿದರು. ಹೊಸ ಸೇನೆಯ ಗಾತ್ರ ಬರೀ 2,000. ತರಬೇತಿಯ ಹೊಣೆ ಅಮೆರಿಕದ್ದು, ಅದು ಡೈನ್‌ಕಾರ್ಪ್ ಅನ್ನುವ ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟಿತು. ಕರಾರು ಅಮೆರಿಕ ಸರ್ಕಾರಕ್ಕೂ ಕಂಪನಿಗೂ ನಡುವಿನದು. ಲೈಬೀರಿಯಾದ ಸಂಸತ್ತಿಗೆ ತನ್ನ ದೇಶದ ಸೇನೆ ಕಟ್ಟುವ ಆ ಕರಾರಿನ ಮೇಲೆ ಹಿಡಿತವೇ ಇರಲಿಲ್ಲ. ಅದು ನನಗೆ ಇವತ್ತಿಗೂ ಸರಿ ಕಾಣಲ್ಲ.

ಒಂದು ಕೆಲಸ ಮಾತ್ರ ಚೆನ್ನಾಗಿ ಮಾಡಿದರು. ಯಾರು ಏನು ಮಾಡಿದ್ದ ಅಂತ ನೋಡೋಕೆ ದಾಖಲೆ ಇರಲಿಲ್ಲ, ಕಚೇರಿಗಳೇ ಸುಟ್ಟು ಹೋಗಿದ್ದವು. ಅದಕ್ಕೆ ಹೊಸದಾಗಿ ಸೇರಲು ಬಂದವರ ಫೋಟೋಗಳನ್ನು ಊರೂರಿಗೆ ಮುಟ್ಟುವ ಹಾಗೆ ಪ್ರಕಟ ಮಾಡಿಸಿದರು. ಇವನ ಬಗ್ಗೆ ಗೊತ್ತಿದ್ದರೆ ಬಂದು ಹೇಳಿ ಅಂತ. ದಾಖಲೆ ಇಲ್ಲದ ದೇಶದಲ್ಲಿ ಜನರ ನೆನಪನ್ನೇ ದಾಖಲೆ ಮಾಡಿಕೊಂಡರು. ಎಲ್ಲರಿಗೂ ಬಂದು ಹೇಳುವ ಧೈರ್ಯ ಇರಲಿಲ್ಲ ಅನ್ನುವುದು ಬೇರೆ ಮಾತು. ದೂರು ಕೊಟ್ಟವಳ ಮನೆ ಪಕ್ಕದಲ್ಲೇ ಅವನ ಮನೆಯೂ ಇರುತ್ತಲ್ವಾ.

ಆದರೆ ಹೋದವರು ಸುಮ್ಮನಿದ್ದರಾ? ಇಲ್ಲ. ಬಾಕಿ ಬರಬೇಕು ಅಂತ ಹಳೇ ಸೈನಿಕರು, ಸತ್ತ ಸೈನಿಕರ ಹೆಂಡತಿಯರು ಪದೇ ಪದೇ ರಸ್ತೆಗೆ ಬರುತ್ತಿದ್ದರು. ಒಮ್ಮೆ ನಮ್ಮನ್ನು ಗುರಾಣಿ, ಲಾಠಿ ಕೊಟ್ಟು ನಿಲ್ಲಿಸಿದ್ದರು. ಎದುರಿಗೆ ನಮ್ಮ ತಾಯಿ ವಯಸ್ಸಿನ ಹೆಂಗಸರು. ಒಬ್ಬಾಕೆ ಗಂಡನ ಸೇನೆಯ ಗುರುತಿನ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿ ಇಟ್ಟುಕೊಂಡಿದ್ದಳು. ಫೋಟೋದಲ್ಲಿ ಮುಖ ಅಳಿಸಿ ಹೋಗಿತ್ತು, ನಂಬರ್ ಮಾತ್ರ ಕಾಣುತ್ತಿತ್ತು. ನಾನು ಮೇಲಿನವಳು, ಕೊಡಿಸಬಲ್ಲೆ ಅಂದುಕೊಂಡು ನನ್ನ ಗುರಾಣಿಯ ಮೇಲೆ ಅದನ್ನು ಒತ್ತಿ ಹಿಡಿದಳು. ಆಕೆಯನ್ನು ದಬ್ಬುವುದು ಹೇಗೆ ಹೇಳಿ? ನಮ್ಮ ಕಮಾಂಡರ್ ಮೇಡಂ ಲಾಠಿ ಕೆಳಗೆ ಇಡಿಸಿದರು. ಮಧ್ಯಾಹ್ನದ ಹೊತ್ತಿಗೆ ಒಳಗಿಂದ ಒಬ್ಬ ಗುಮಾಸ್ತ ಬಂದು ಹೆಸರು ಬರೆದುಕೊಳ್ಳಲು ಶುರು ಮಾಡಿದ. ಗುಂಪು ತಾನಾಗಿಯೇ ಸಾಲಾಯಿತು.

ಪೊಲೀಸಿನ ಕಥೆ ಬೇರೆ. ಅದನ್ನು ವಿಸರ್ಜಿಸಲಿಲ್ಲ, ಸೋಸಿದರು. ಮಾಮೂಲಿ ಪೊಲೀಸರ ಕೈಗೆ ಬಂದೂಕು ಕೊಡಲಿಲ್ಲ, ಕೆಲವು ವಿಶೇಷ ತುಕಡಿಗಳಿಗೆ ಮಾತ್ರ. ಅದಕ್ಕೇ ರಾತ್ರಿ ಗಸ್ತಿಗೆ ಅವರ ಜೊತೆ ನಾವು ಹೋಗಬೇಕಿತ್ತು. ಅವರಲ್ಲಿ ಎಷ್ಟೋ ಜನರ ಹತ್ತಿರ ಟಾರ್ಚ್ ಕೂಡ ಇರಲಿಲ್ಲ. ಜೀಪು ಇದ್ದರೆ ಡೀಸೆಲ್ ಇಲ್ಲ. ಮಾನವ ಹಕ್ಕಿನ ತರಗತಿ ಮುಗಿಸಿ, ಸರ್ಟಿಫಿಕೇಟ್ ತಗೊಂಡು ಬಂದ ಹುಡುಗ, ದೂರು ಕೊಡಲು ಬಂದವರ ಹತ್ತಿರವೇ ಡೀಸೆಲ್ಲಿಗೆ ದುಡ್ಡು ಕೇಳುತ್ತಿದ್ದ. ಅವನನ್ನು ಕೆಟ್ಟವನು ಅನ್ನಲು ನನಗೆ ಬಾಯಿ ಬರಲ್ಲ.

ಲೆಕ್ಕಪತ್ರ

ನೀಲಿಟೋಪಿ ಸರ್, ಬಹಳ ಒಳ್ಳೇ ಬರಹ. ನಾನು ಆಡಿಟ್ ಇಲಾಖೆಯವನು, ಯುದ್ಧ ನೋಡಿದವನಲ್ಲ. ಆದರೆ ಸಂಬಳದ ಬಟವಾಡೆ ವಿಷಯ ಬಂದರೆ ನನ್ನ ಕಿವಿ ನೆಟ್ಟಗಾಗುತ್ತೆ.

ಕಾಂಗೋದಲ್ಲಿ ಸಂಬಳ ರಾಜಧಾನಿಯಿಂದ ನಗದಾಗಿ ಹೊರಟು, ಒಬ್ಬ ಕಮಾಂಡರ್ ಕೈಯಿಂದ ಇನ್ನೊಬ್ಬ ಕಮಾಂಡರ್ ಕೈಗೆ ಇಳಿದು ಬರುತ್ತಿತ್ತು. ಪ್ರತಿ ಮೆಟ್ಟಿಲಲ್ಲೂ ಒಂದಿಷ್ಟು ಕರಗುತ್ತಿತ್ತು. ಕೊನೆಗೆ ಸಿಪಾಯಿಗೆ ಏನು ಮುಟ್ಟಿತೋ ದೇವರೇ ಬಲ್ಲ. ಅವನು ಊಟಕ್ಕೆ ಹಳ್ಳಿಯವರನ್ನು ಸುಲಿಯುತ್ತಿದ್ದ. ಯುರೋಪಿಯನ್ ಒಕ್ಕೂಟದ ತಂಡ 2005ರಲ್ಲಿ ಅಲ್ಲಿಗೆ ಹೋಯಿತು. ಅವರು ಹಿಡಿದ ಕೆಲಸಗಳಲ್ಲಿ ಮುಖ್ಯವಾದದ್ದು ಏನು ಗೊತ್ತಾ? ಹುಕುಂ ಕೊಡುವ ದಾರಿ ಬೇರೆ, ದುಡ್ಡು ಹೋಗುವ ದಾರಿ ಬೇರೆ ಮಾಡಿದ್ದು. ಬೆರಳಚ್ಚು ಸಮೇತ ಸೈನಿಕರ ಗಣತಿ ಮಾಡಿ ಗುರುತಿನ ಕಾರ್ಡ್ ಕೊಟ್ಟರು. ಕಾಗದದ ಮೇಲೆ ಇದ್ದ ಸೇನೆಗೂ ನೆಲದ ಮೇಲೆ ಇದ್ದ ಸೇನೆಗೂ ಅಜಗಜಾಂತರ ಇತ್ತು.

ಅಫ್ಘಾನಿಸ್ತಾನದ್ದು ಇನ್ನೂ ತಮಾಷೆ. 2009ರ ಸುಮಾರಿಗೆ ವರ್ದಕ್ ಪ್ರಾಂತ್ಯದಲ್ಲಿ ಕೆಲವು ಪೊಲೀಸರಿಗೆ ಮೊಬೈಲ್ ಫೋನ್ ಮೂಲಕ ಸಂಬಳ ಹಾಕಿ ನೋಡಿದರು. ಸರ್ಕಾರ ಸಂಬಳ ಜಾಸ್ತಿ ಮಾಡಿದೆ ಅಂತ ಪೊಲೀಸರು ಖುಷಿಪಟ್ಟರು. ಜಾಸ್ತಿ ಆಗಿರಲಿಲ್ಲ. ಮೊದಲ ಸಲ ಪೂರ್ತಿ ಬಂದಿತ್ತು, ಅಷ್ಟೇ. ನಡುವೆ ತಿನ್ನುತ್ತಿದ್ದವರಿಗೆ ಈ ಪದ್ಧತಿ ಹಿಡಿಸಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಇರಾಕ್‌ಗೆ ವಾಪಸ್ ಬಂದರೆ, 2014ರ ಜೂನ್‌ನಲ್ಲಿ ಮೊಸುಲ್ ನಗರ ಐಸಿಸ್ ಕೈಗೆ ಹೋಯಿತಲ್ಲ. ಅದೇ ವರ್ಷದ ಕೊನೆಗೆ ಪ್ರಧಾನಿ ಹೈದರ್ ಅಲ್ ಅಬಾದಿ ಸಂಸತ್ತಿನಲ್ಲಿ ಹೇಳಿದ್ದು, ನಾಲ್ಕು ಡಿವಿಷನ್‌ಗಳಲ್ಲೇ 50,000 ಸುಳ್ಳು ಹೆಸರು ಸಿಕ್ಕಿವೆ ಅಂತ. ಸಂಬಳ ತಗೊಳ್ಳುವ, ಆದರೆ ಹುಟ್ಟೇ ಇಲ್ಲದ ಸೈನಿಕರು! ವಿಸರ್ಜಿಸಿ, ಹೊಸದಾಗಿ ಕಟ್ಟಿ, ಕೋಟಿಗಟ್ಟಲೆ ಡಾಲರ್ ಸುರಿದು ಆದ ಸೇನೆ ಇದು. ಮಸ್ಟರ್ ರೋಲ್ (ಸಂಬಳದ ಹೆಸರು ಪಟ್ಟಿ) ಸರಿ ಇಲ್ಲದಿದ್ದರೆ ಟ್ಯಾಂಕು ಕೊಟ್ಟು ಏನು ಪ್ರಯೋಜನ?

ನೀಲಿಟೋಪಿ

ಸರ್ ಅಲ್ಲ, ಮೇಡಂ. ಮಹಿಳಾ ತುಕಡಿ ಅಂತ ಮೊದಲೇ ಬರೆದಿದ್ದೆನಲ್ಲ! ಪರವಾಗಿಲ್ಲ ಬಿಡಿ, ಅಭ್ಯಾಸ ಆಗಿದೆ.

ಲೆಕ್ಕಪತ್ರ

ಕ್ಷಮಿಸಿ ಮೇಡಂ. ಆಡಿಟ್‌ನವನಾಗಿ ಓದದೆ ಸಹಿ ಹಾಕಿದ ಹಾಗಾಯಿತು.

ದೂರದ ಊರು

ಬೆಲ್‌ಫಾಸ್ಟ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ, ಇಲ್ಲಿನ ಉದಾಹರಣೆ ಕೊಡಲೇಬೇಕು ಅನಿಸಿತು. ಸೇನೆ ಅಲ್ಲ, ಪೊಲೀಸ್.

ಉತ್ತರ ಐರ್ಲೆಂಡಿನಲ್ಲಿ ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಕಡೆಯವರ ನಡುವೆ ವರ್ಷಗಟ್ಟಲೆ ನಡೆದ ಹಿಂಸೆ ನಿಲ್ಲಿಸಲು ಆದ 1998ರ ಶಾಂತಿ ಒಪ್ಪಂದದ ನಂತರ ಹಳೇ ಪೊಲೀಸ್ ಪಡೆಯನ್ನು ಏನು ಮಾಡಬೇಕು ಅಂತ ಒಂದು ಆಯೋಗ ಮಾಡಿದರು. ಅಧ್ಯಕ್ಷ ಕ್ರಿಸ್ ಪ್ಯಾಟನ್. 1999ರಲ್ಲಿ 175 ಶಿಫಾರಸು ಕೊಟ್ಟಿತು. ಕ್ಯಾಥೊಲಿಕರು ಜನಸಂಖ್ಯೆಯಲ್ಲಿ ನಲವತ್ತು ಪರ್ಸೆಂಟಿಗೂ ಮೇಲೆ, ಪೊಲೀಸಿನಲ್ಲಿ ಬರೀ ಎಂಟು ಪರ್ಸೆಂಟ್. 2001ರ ನವೆಂಬರ್‌ನಲ್ಲಿ ಹೆಸರು, ಸಮವಸ್ತ್ರ, ಲಾಂಛನ ಎಲ್ಲ ಬದಲಾಯಿತು. ಹೊಸ ಬ್ಯಾಡ್ಜಿನಲ್ಲಿ ಆರು ಚಿಹ್ನೆ: ತಕ್ಕಡಿ, ಕಿರೀಟ, ಹಾರ್ಪ್ ವಾದ್ಯ, ದೀವಟಿಗೆ, ಆಲಿವ್ ಕೊಂಬೆ, ಶ್ಯಾಮ್‌ರಾಕ್ ಎಲೆ. ಒಬ್ಬರಿಗೂ ಬೇಜಾರಾಗಬಾರದು ಅಂತ ಎಲ್ಲರದ್ದೂ ತುರುಕಿದ ಹಾಗಿದೆ. ನೋಡಿ ನಗಬಹುದು, ಆದರೆ ಅದಕ್ಕಾಗಿ ಎಷ್ಟು ಜಗಳ ಆಗಿತ್ತು ಅಂತ ಇಲ್ಲಿನ ಹಿರಿಯರು ಇನ್ನೂ ಹೇಳುತ್ತಾರೆ. ಹತ್ತು ವರ್ಷ ನೇಮಕಾತಿ ಅರ್ಧಕ್ಕರ್ಧ: ಒಬ್ಬ ಕ್ಯಾಥೊಲಿಕ್, ಒಬ್ಬ ಬೇರೆ. 2011ಕ್ಕೆ ಅದನ್ನು ನಿಲ್ಲಿಸುವ ಹೊತ್ತಿಗೆ ಎಂಟು ಪರ್ಸೆಂಟ್ ಸುಮಾರು ಮೂವತ್ತಾಗಿತ್ತು. ಆಮೇಲೆ ಹೆಚ್ಚು ಕಮ್ಮಿ ಅಲ್ಲೇ ನಿಂತಿದೆ.

ನೀಲಿಟೋಪಿ ಮೇಡಂ ಮಾತಿಗೆ ಇಲ್ಲಿಂದಲೂ ಸಾಕ್ಷಿ ಸಿಗುತ್ತೆ. ಹಳೇ ಅಧಿಕಾರಿಗಳಿಗೆ ಜಾಗ ಬಿಡಲು ಕೈತುಂಬ ಹಣ ಕೊಟ್ಟರು. ಸಾವಿರಾರು ಜನ ಮರ್ಯಾದೆಯಿಂದಲೇ ಹೋದರು. ಬ್ರಿಟಿಷ್ ಖಜಾನೆ ಹಿಂದೆ ಇದ್ದಾಗ ಅದು ಸಾಧ್ಯ.

ಚಿಹ್ನೆ ಅಂದಾಗ ಬೋಸ್ನಿಯಾ ನೆನಪಾಯಿತು. ಯುದ್ಧ ಮುಗಿದ ಮೇಲೂ ಗಾಡಿಯ ನಂಬರ್ ಪ್ಲೇಟ್ ನೋಡಿದರೆ ಯಾವ ಕಡೆಯವರು ಅಂತ ಗೊತ್ತಾಗುತ್ತಿತ್ತು. ಪೊಲೀಸರು ತಡೆದು ಕಾಡುತ್ತಿದ್ದರು. 1998ರಲ್ಲಿ ಎಲ್ಲರಿಗೂ ಒಂದೇ ರೀತಿಯ ಪ್ಲೇಟ್ ಬಂತು. ಲ್ಯಾಟಿನ್, ಸಿರಿಲಿಕ್ ಎರಡು ಲಿಪಿಯಲ್ಲೂ ಒಂದೇ ಥರ ಕಾಣುವ ಅಕ್ಷರಗಳನ್ನು ಮಾತ್ರ ಅದಕ್ಕೆ ಆರಿಸಿದರು. ಜನ ಗಡಿ ದಾಟಿ ಓಡಾಡಲು ಶುರು ಮಾಡಿದರು. ಪೊಲೀಸರನ್ನು ಬದಲಿಸುವ ಮೊದಲು ಪ್ಲೇಟ್ ಬದಲಿಸಿದ ಯಾರೋ ಪುಣ್ಯಾತ್ಮನಿಗೆ ನನ್ನ ನಮಸ್ಕಾರ.

ಗುಡುಗುಮಿಂಚು

ಎಲ್ಲರೂ ಸಂಬಳ ಸಂಬಳ ಅಂತೀರಿ. ದುಡ್ಡು ಕೊಟ್ಟರೆ ಎಲ್ಲ ಸರಿ ಹೋಗುತ್ತಾ? ಪೂರ್ವ ತೈಮೋರ್ ನೋಡಿ. ಪುಟ್ಟ ದೇಶ. ವಿಶ್ವಸಂಸ್ಥೆಯೇ ಕೂತು ಆಡಳಿತ ನಡೆಸಿತು. ಸೇನೆ, ಪೊಲೀಸು ಎರಡೂ ಹೊಚ್ಚ ಹೊಸದು. 2002ರಲ್ಲಿ ಸ್ವಾತಂತ್ರ್ಯ. ನಾಲ್ಕೇ ವರ್ಷಕ್ಕೆ ಸೇನೆಯೂ ಪೊಲೀಸೂ ರಾಜಧಾನಿಯಲ್ಲಿ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿಕೊಂಡರು. ಈಗ ಹೇಳಿ ಮೇಡಂ.

ಓದುಗೂಡು

ಗುಡುಗುಮಿಂಚು ಅವರ ಪ್ರಶ್ನೆಗೆ ನನ್ನದೂ ಒಂದು ಸೇರಿಸುತ್ತೇನೆ. ಎಲ್ ಸಾಲ್ವಡಾರ್‌ನಲ್ಲಿ 1992ರ ಒಪ್ಪಂದದ ನಂತರ ಹೊಸ ಪೊಲೀಸ್ ಪಡೆಗೆ ಒಂದು ಲೆಕ್ಕ ಹಾಕಿದ್ದರಂತೆ. 20 ಪರ್ಸೆಂಟ್ ಹಳೇ ಪೊಲೀಸರು, 20 ಪರ್ಸೆಂಟ್ ಮಾಜಿ ಗೆರಿಲ್ಲಾಗಳು, ಉಳಿದ 60 ಯುದ್ಧದಲ್ಲಿ ಯಾವ ಕಡೆಗೂ ಇರದವರು. ಇಂಥ ಲೆಕ್ಕ ಎಲ್ಲ ಕಡೆ ಯಾಕೆ ಮಾಡಬಾರದು ಅಕ್ಕಾ?

ನೀಲಿಟೋಪಿ

ತಮ್ಮಾ, ಲೆಕ್ಕ ಚೆನ್ನಾಗಿದೆ. ಆ 60ನ್ನು ಇಟ್ಟಿದ್ದೇ ಅದರ ಜಾಣತನ. ಎರಡು ಕಡೆಯವರನ್ನು ಮಾತ್ರ ಸೇರಿಸಿದರೆ ಠಾಣೆಯೊಳಗೇ ಕದನವಿರಾಮ ರೇಖೆ ಎಳೆದ ಹಾಗೆ. ಆದರೆ 60 ಪರ್ಸೆಂಟ್ ಹೊಸಬರಿಗೆ ಓದು ಬರಬೇಕು, ತರಬೇತಿ ಶಾಲೆ ಬೇಕು, ಅಲ್ಲಿವರೆಗೆ ಕಳ್ಳತನ ಕೊಲೆ ನಿಲ್ಲಲ್ಲ. ಲೈಬೀರಿಯಾದಲ್ಲಿ ಪೊಲೀಸಿನಲ್ಲಿ 20 ಪರ್ಸೆಂಟ್ ಹೆಂಗಸರು ಇರಬೇಕು ಅಂತ ಗುರಿ ಇಟ್ಟರು. ಹೈಸ್ಕೂಲು ಮುಗಿಸಿದ ಹುಡುಗಿಯರೇ ಸಾಕಷ್ಟು ಸಿಗಲಿಲ್ಲ. ಯುದ್ಧದಲ್ಲಿ ಶಾಲೆ ಎಲ್ಲಿತ್ತು? ಕೊನೆಗೆ ಅವರಿಗೆ ಮೊದಲು ಪಾಠ ಹೇಳಿ ಆ ಮಟ್ಟಕ್ಕೆ ತಂದು ಆಮೇಲೆ ಪೊಲೀಸ್ ತರಬೇತಿಗೆ ಕಳಿಸುವ ವ್ಯವಸ್ಥೆ ಮಾಡಿದರು.

ಗುಡುಗುಮಿಂಚು ಅವರೇ, ತೈಮೋರ್ ಒಳ್ಳೇ ಉದಾಹರಣೆ ಕೊಟ್ಟಿರಿ. ಅಲ್ಲಿ ಕೆಟ್ಟಿದ್ದು ಬರೀ ಸಂಬಳದಿಂದ ಅಲ್ಲ, ಒಪ್ಪುತ್ತೇನೆ. ಆ ದೇಶದ ಪಶ್ಚಿಮ ಭಾಗದ ಸೈನಿಕರು ನಮಗೆ ಬಡ್ತಿಯಲ್ಲಿ ಅನ್ಯಾಯ ಆಗಿದೆ ಅಂತ ಅರ್ಜಿ ಕೊಟ್ಟರು. ಸುಮಾರು 1,400 ಜನರ ಸೇನೆ ಅದು. ಅರ್ಜಿಯನ್ನು ಸರಿಯಾಗಿ ವಿಚಾರಿಸುವ ಒಂದು ಕಚೇರಿ ಇರಲಿಲ್ಲ. ಬ್ಯಾರಕ್ ಬಿಟ್ಟು ಹೊರಬಂದರು. 2006ರ ಮಾರ್ಚ್‌ನಲ್ಲಿ ಸುಮಾರು 600 ಜನರನ್ನು ಒಟ್ಟಿಗೆ ವಜಾ ಮಾಡಿದರು. ಹೆಚ್ಚುಕಮ್ಮಿ ಅರ್ಧ ಸೇನೆ ಒಂದೇ ಏಟಿಗೆ ಬೀದಿಗೆ! ಮೇ 25ರಂದು ವಿಶ್ವಸಂಸ್ಥೆಯವರು ಮಾತುಕತೆ ಮಾಡಿ, ಬಂದೂಕು ಕೆಳಗಿಟ್ಟ ಪೊಲೀಸರನ್ನು ತಮ್ಮ ಬಾವುಟದಡಿ ನಡೆಸಿಕೊಂಡು ಹೋಗುತ್ತಿದ್ದಾಗ ಸೈನಿಕರು ಅವರ ಮೇಲೇ ಗುಂಡು ಹಾರಿಸಿದರು. ಸುಮಾರು 1,50,000 ಜನ ಮನೆ ಬಿಟ್ಟರು. ಗೃಹಮಂತ್ರಿ ರೊಜೆರಿಯೊ ಲೊಬಾಟೊ ಪೊಲೀಸ್ ಬಂದೂಕುಗಳನ್ನು ನಾಗರಿಕರಿಗೆ ಹಂಚಿಸಿದ ಪ್ರಕರಣದಲ್ಲಿ ಆಮೇಲೆ ಜೈಲು ಶಿಕ್ಷೆಗೆ ಗುರಿಯಾದ.

ಪರದೇಶದವರು ಬಂದು ಕಾನ್‌ಸ್ಟೇಬಲ್‌ಗೆ ತರಬೇತಿ ಕೊಟ್ಟರು, ಸಿಪಾಯಿಗೆ ಕೊಟ್ಟರು. ಮಂತ್ರಾಲಯ ಕಟ್ಟಲು ಯಾರೂ ಅಷ್ಟು ತಲೆ ಕೊಡಲಿಲ್ಲ. ಆಯುಧದ ರಿಜಿಸ್ಟರ್, ಬಡ್ತಿಯ ಫೈಲು, ದೂರಿನ ವಿಚಾರಣೆ, ಇವೆಲ್ಲ ಬೇಜಾರಿನ ಕೆಲಸ. ಫೋಟೋಗೆ ಬರಲ್ಲ. ಪೆರೇಡ್ ಬರುತ್ತೆ.

ಇನ್ನೊಂದು ವಿಷಯ ಜನ ಗಮನಿಸಲ್ಲ. ಶ್ರೀಮಂತ ದೇಶಗಳು ಅಭಿವೃದ್ಧಿ ನೆರವು ಅಂತ ಲೆಕ್ಕ ತೋರಿಸುವಾಗ ಸೇನೆಗೆ ಕೊಟ್ಟ ಹಣ ಅದರಲ್ಲಿ ಬರಲ್ಲ. ಶಾಲೆಗೆ ಕೊಟ್ಟರೆ ಬರುತ್ತೆ. ಹಾಗಾಗಿ ಸಿಪಾಯಿಯ ತಿಂಗಳ ಸಂಬಳ, ಪಿಂಚಣಿ ಕೊಡಲು ಯಾರೂ ಮುಂದೆ ಬರಲ್ಲ. ವಿಚಾರ ಸಂಕಿರಣಕ್ಕೆ ಮಾತ್ರ ದುಡ್ಡಿಗೆ ಬರ ಇಲ್ಲ.

ನೇಪಾಳ ನೋಡಿ, ಅವರದ್ದು ನನಗೆ ಇಷ್ಟ. 2006ರ ನವೆಂಬರ್‌ನಲ್ಲಿ ಒಪ್ಪಂದ. ಮಾವೋವಾದಿ ಹೋರಾಟಗಾರರು ಏಳು ಮುಖ್ಯ ಶಿಬಿರ, ಅದರ ಸುತ್ತ ಉಪಶಿಬಿರಗಳಲ್ಲಿ ಉಳಿದರು. ಆಯುಧ ಕಬ್ಬಿಣದ ಕಂಟೇನರ್‌ನೊಳಗೆ. ಬೀಗದ ಕೈ ಮಾವೋವಾದಿಗಳ ಹತ್ತಿರವೇ! ಆದರೆ ಕಂಟೇನರ್‌ಗೆ ವಿಶ್ವಸಂಸ್ಥೆಯ ಕ್ಯಾಮೆರಾ, ಸೈರನ್. ತೆಗೆದರೆ ಊರಿಗೇ ಗೊತ್ತಾಗುತ್ತೆ. ಸೋತವರ ಹಾಗೆ ಕಾಣಬಾರದು ಅನ್ನುವ ಅವರ ಹಠವೂ ಉಳಿಯಿತು, ಬಂದೂಕೂ ಒಳಗೆ ಉಳಿಯಿತು. ಆ ಕೈ ಸರ್ಕಾರದ ಕಡೆಗೆ ಹೋಗಿದ್ದು 2011ರಲ್ಲಿ.

ವಿಶ್ವಸಂಸ್ಥೆ ಪರಿಶೀಲಿಸಿ ಒಪ್ಪಿದ ಹೋರಾಟಗಾರರು 19,602. ಹೊಸದಾಗಿ ಎಣಿಸಲು ಹೋದಾಗ 2,000ಕ್ಕೂ ಜಾಸ್ತಿ ಜನ ಶಿಬಿರದಲ್ಲಿ ಇರಲೇ ಇಲ್ಲ, ಭತ್ಯೆ ಮಾತ್ರ ಅಷ್ಟೂ ದಿನ ಹೋಗುತ್ತಿತ್ತು. ಲೆಕ್ಕಪತ್ರ ಅವರೇ, ಇದು ನಿಮಗೆ. ಕೊನೆಗೆ ನೇಪಾಳ ಸೇನೆಗೆ ಸೇರಿದವರು ಸುಮಾರು 1,400 ಮಾತ್ರ. ಉಳಿದ ಬಹುಪಾಲು ಜನ ದರ್ಜೆಗೆ ತಕ್ಕಂತೆ ನೇಪಾಳಿ 5 ಲಕ್ಷದಿಂದ 8 ಲಕ್ಷ ರೂಪಾಯಿವರೆಗೆ ತಗೊಂಡು ಮನೆಗೆ ಹೋದರು. ಸೇನೆಗೆ ಸೇರುತ್ತೇವೆ ಅಂತ ಇಷ್ಟು ವರ್ಷ ಕಾದವರು ಚೆಕ್ ತಗೊಂಡಿದ್ದು ಯಾಕೆ? ವಯಸ್ಸಾಗಿತ್ತು, ಮದುವೆ ಆಗಿತ್ತು, ಮಕ್ಕಳಿದ್ದರು. ಯಾವ ತಜ್ಞನ ಯೋಜನೆಯೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ ಅಂತ ನನ್ನ ಗುಮಾನಿ. ಅಪ್ರಾಪ್ತರು ಅಂತ ಹೊರಗೆ ಹಾಕಿದ ಮಕ್ಕಳಿಗೆ ಮಾತ್ರ ಆ ಚೆಕ್ ಸಿಗಲಿಲ್ಲ. ಅವರ ಸಿಟ್ಟು ಬಹಳ ದಿನ ಉಳಿಯಿತು.

ದೂರದ ಊರು

ಮೇಡಂ, ಲೈಬೀರಿಯಾದ ಆ 2,000 ಜನರ ಹೊಸ ಸೇನೆ ಏನಾಯಿತು? ಎಬೋಲಾ ಸಮಯದಲ್ಲಿ ಗುಂಡು ಹಾರಿಸಿದರು ಅಂತ ಓದಿದ ನೆನಪು.

ನೀಲಿಟೋಪಿ

ಹೌದು. 2014ರ ಆಗಸ್ಟ್, ವೆಸ್ಟ್ ಪಾಯಿಂಟ್ ಅನ್ನುವ ಕೊಳೆಗೇರಿ. ಇಡೀ ಪ್ರದೇಶಕ್ಕೆ ತಡೆ ಹಾಕಿ ಸೈನಿಕರನ್ನು ನಿಲ್ಲಿಸಿದರು. ಜನ ನುಗ್ಗಿದಾಗ ಗುಂಡು ಹಾರಿತು, 15 ವರ್ಷದ ಒಬ್ಬ ಹುಡುಗ ಸತ್ತ. ಗುಂಪು ನಿಭಾಯಿಸುವುದು ಪೊಲೀಸರ ಕೆಲಸ, ಸೇನೆಯದಲ್ಲ. ಆ ಹೊತ್ತಿಗೆ ನಾನು ವಾಪಸ್ ಬಂದಿದ್ದೆ. ಟಿವಿಯಲ್ಲಿ ಆ ರಸ್ತೆ ಗುರುತು ಸಿಕ್ಕಿತು.

ಆದರೂ ಸೇನೆ ಒಡೆಯಲಿಲ್ಲ. 2014ರವರೆಗೆ ಅದರ ಮುಖ್ಯಸ್ಥರು ನೈಜೀರಿಯಾದ ಅಧಿಕಾರಿಗಳು, ಆಮೇಲೆ ಲೈಬೀರಿಯಾದವರೇ ಆದ ಡೇನಿಯಲ್ ಝಿಯಂಕಾನ್ ಬಂದರು. 2016ರ ಜೂನ್ 30ಕ್ಕೆ ವಿಶ್ವಸಂಸ್ಥೆ ಭದ್ರತೆಯ ಹೊಣೆ ಒಪ್ಪಿಸಿತು. 2018ರಲ್ಲಿ ಅಧಿಕಾರ ಎಲೆನ್ ಜಾನ್ಸನ್ ಸರ್ಲೀಫ್‌ರಿಂದ ಜಾರ್ಜ್ ವೀಯಾಗೆ ಶಾಂತವಾಗಿ ಹೋಯಿತು, ಮಾರ್ಚ್‌ನಲ್ಲಿ ವಿಶ್ವಸಂಸ್ಥೆ ಪೂರ್ತಿ ಹೊರಟಿತು.

2024ರ ಫೆಬ್ರವರಿಯಲ್ಲಿ ಏನಾಯಿತು ಗೊತ್ತಾ? ಸೈನಿಕರ ಹೆಂಡತಿಯರು ರಸ್ತೆ ತಡೆದರು. ಸಂಬಳ ಕಮ್ಮಿ, ಬ್ಯಾರಕ್‌ನಲ್ಲಿ ಸೌಲಭ್ಯ ಇಲ್ಲ ಅಂತ. ಸೇನಾ ದಿನದ ಸಮಾರಂಭ ರದ್ದಾಯಿತು, ಆಗಷ್ಟೇ ಬಂದಿದ್ದ ರಕ್ಷಣಾ ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಹಳೇ ಲೈಬೀರಿಯಾದಲ್ಲಿ ಇಂಥದ್ದಕ್ಕೆ ಸೈನಿಕರೇ ಬಂದೂಕು ಹಿಡಿದು ಅಧ್ಯಕ್ಷರ ಮನೆಗೆ ಹೋಗುತ್ತಿದ್ದರು. 1980ರಲ್ಲಿ ಸ್ಯಾಮ್ಯುಯೆಲ್ ಡೋ ಅನ್ನುವ ಮಾಸ್ಟರ್ ಸಾರ್ಜೆಂಟ್ ಹಾಗೇ ಅಧಿಕಾರ ಹಿಡಿದಿದ್ದ. ಈ ಸಲ ಹೋಗಿದ್ದು ಹೆಂಗಸರು, ಬರಿಗೈಯಲ್ಲಿ.

ಗುಡುಗುಮಿಂಚು

ಸರಿ ಮೇಡಂ, ಅದೃಷ್ಟ ಅನ್ನೋ ಮಾತು ವಾಪಸ್ ತಗೊಂಡೆ. ಆದರೆ ವಿಶ್ವಸಂಸ್ಥೆಯ ಆ 15,000 ನೀಲಿ ಟೋಪಿ ಸೈನಿಕರು ಇಲ್ಲದಿದ್ದರೆ ನಿಮ್ಮ ಗುಮಾಸ್ತ ಹೆಸರು ಬರೆದುಕೊಳ್ಳೋಕೆ ಹೊರಗೆ ಬರ್ತಿರಲಿಲ್ಲ.

ನೀಲಿಟೋಪಿ

ಅದು ನಿಜ. ಅದಕ್ಕೇ ಗುರಾಣಿ ಹಿಡಿದು ನಿಂತಿದ್ದು.

ಓದುಗೂಡು

ಅಕ್ಕಾ, ಲೈಬೀರಿಯಾವನ್ನೇ ತಗೊಂಡು ಬರೆಯೋಣ ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ನೀಲಿಟೋಪಿ

ರಕ್ಷಣಾ ಇಲಾಖೆಯ ಬಜೆಟ್‌ನಿಂದ. ಸಂಬಳಕ್ಕೆ ಎಷ್ಟು, ಪಿಂಚಣಿಗೆ ಎಷ್ಟು, ವರ್ಷ ವರ್ಷ ಪಕ್ಕಪಕ್ಕ ಇಟ್ಟು ನೋಡು. ಪಿಂಚಣಿ ಅನ್ನುವ ಸಾಲು ಯಾವ ವರ್ಷದಿಂದ ಶುರುವಾಗುತ್ತೆ ಅಂತ ಹುಡುಕು. ಸಿಕ್ಕಿದರೆ ಇಲ್ಲೇ ಹಾಕು, ನನಗೂ ನೋಡಬೇಕು.